ಬೆರಗಿನ ಬಂಡವಾಳ

ಸುಗ್ಗಿ ಮುಗಿದು ಊರಹಬ್ಬಗಳು ಒಂದರ ಹಿಂದೊಂದು ಬರುವ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಹಳ್ಳಿಗಳಲ್ಲಿ ನಾಟಕದ ಮದ್ದಳೆ ಕೇಳಿಸದ ವಾರ ವಿರಳ. ಆಡುವುದು ಬಹುಮಟ್ಟಿಗೆ ‘ಕುರುಕ್ಷೇತ್ರ’. ಹಗಲೆಲ್ಲ ಕಬ್ಬಿನ ಗದ್ದೆಗೆ ನೀರು ಹಾಯಿಸಿದವನು ರಾತ್ರಿ ದುರ್ಯೋಧನನಾಗುತ್ತಾನೆ. ಸಹಕಾರ ಸಂಘದ ಗುಮಾಸ್ತೆ ಶ್ರೀಕೃಷ್ಣನಾಗುತ್ತಾನೆ. ಹಾಲಿನ ಡೇರಿಯ ಮುಂದೆ ಬೆಳಗ್ಗೆ ಕ್ಯಾನು ಹಿಡಿದು ನಿಂತಿದ್ದವನು ಗದೆಯನ್ನು ಹೆಗಲಿಗೇರಿಸಿ ಭೀಮನಾಗಿ ಗರ್ಜಿಸುತ್ತಾನೆ. ತಿಂಗಳುಗಟ್ಟಲೆ ಮಟ್ಟು ಹೇಳಿಕೊಟ್ಟ ಹಾರ್ಮೋನಿಯಂ ಮೇಷ್ಟರು ರಂಗದ ಪಕ್ಕದಲ್ಲಿ ಕುಳಿತು, ಯಾರಿಗೆ ಯಾವ ಗಳಿಗೆಯಲ್ಲಿ ಮಾತು ಮರೆತೀತೆಂದು ಕಾಯುತ್ತಿರುತ್ತಾರೆ. ಪರದೆ, ಕಿರೀಟ, ಸಿಂಹಾಸನಗಳೆಲ್ಲ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬಂದವು.

ಈ ವೈಭವಕ್ಕೆ ಹಣ ಎಲ್ಲಿಂದ ಬರುತ್ತದೆ? ಪಾತ್ರಧಾರಿಗಳೇ ಕೊಡಬೇಕು. ಪಾತ್ರಕ್ಕಿಷ್ಟೆಂದು ವಂತಿಗೆ ಉಂಟು. ದುರ್ಯೋಧನನಾಗಬೇಕಾದರೆ ಹೆಚ್ಚು, ದೂತನಾಗಬೇಕಾದರೆ ಕಡಿಮೆ. ನಟನಿಗೆ ಸಂಬಳ ಕೊಡುವ ಪದ್ಧತಿ ಲೋಕದಲ್ಲೆಲ್ಲ ಇದ್ದರೆ, ನಟಿಸುವುದಕ್ಕಾಗಿ ತಾನೇ ಹಣ ತೆರುವ ಪದ್ಧತಿ ಈ ಸೀಮೆಯದು. ಆದಕಾರಣ ನಾಟಕದ ಮೊದಲ ಯುದ್ಧ ನಡೆಯುವುದು ಕುರುಕ್ಷೇತ್ರದಲ್ಲಲ್ಲ, ಮನೆಯ ನಡುಮನೆಯಲ್ಲಿ. “ಒಂದ್ ರಾತ್ರಿ ಕಿರೀಟಕ್ಕೆ ಇಷ್ಟ್ ದುಡ್ಡಾ? ಮಗಳ ಫೀಜು ಯಾರ್ ಕಟ್ಟಾರು?” ಎಂದು ಗೃಹಿಣಿ ಕೇಳುತ್ತಾಳೆ. ದುರ್ಯೋಧನನ ಬಳಿ ಭೀಮನಿಗೆ ಕೊಡಲು ನೂರು ಉತ್ತರಗಳಿರುತ್ತವೆ. ಈ ಪ್ರಶ್ನೆಗೆ ಒಂದೂ ಇರುವುದಿಲ್ಲ.

ಅದೇ ರಾತ್ರಿ ಚಾಪೆಯ ಮೇಲೆ ಕುಳಿತ ಹುಡುಗನೊಬ್ಬನಿಗೆ ಬೇರೊಂದು ಅತೃಪ್ತಿ. ರಟ್ಟಿನಲ್ಲಿ ಕತ್ತರಿಸಿದ ಕುದುರೆ, ಬಣ್ಣ ಬಳಿದ ತೇರು ಅವನ ಕಣ್ಣಿಗೆ ಸಾಲವು. “ನಿಜವಾದ ಆನೆ ಯಾಕ್ ತರ್ಲಿಲ್ಲ ತಾತ?” ಎಂದರೆ, ಕಂಬಳಿ ಹೊದ್ದ ಮುದುಕ ನಿದ್ದೆಗಣ್ಣಿನಲ್ಲೇ ಹೇಳುತ್ತಾನೆ: “ಗುಬ್ಬಿ ಕಂಪ್ನಿಯವ್ರು ತಂದಿದ್ರಂತೆ ಕಣ್ ಮಗ.”

ಗೃಹಿಣಿಯ ಪ್ರಶ್ನೆಗೂ ಮೊಮ್ಮಗನ ಪ್ರಶ್ನೆಗೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಉತ್ತರವನ್ನು ಹುಡುಕಬಹುದು. ಬೆರಗನ್ನು ಕೊಂಡು ತಂದು ಮಾರುವುದನ್ನೇ ಬಾಳಿನ ವೃತ್ತಿಯಾಗಿ ಮಾಡಿಕೊಂಡಿದ್ದ ಆ ಮನುಷ್ಯರು ಗುಬ್ಬಿ ವೀರಣ್ಣನವರು.

*

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ, ಅಲ್ಲಿನ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿತು. ಏಳು ವರ್ಷಗಳ ತರುವಾಯ, 1891ರಲ್ಲಿ, ಅದೇ ಊರಿನಲ್ಲಿ ವೀರಣ್ಣನವರು ಹುಟ್ಟಿದರು. ಇತರ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ಈ ಬಾಲಕ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕಂಪನಿಯನ್ನು ಸೇರಿದ. ಮುಂದೆ ಅದೇ ಕಂಪನಿಯ ಒಡೆಯನಾದ. ಬಾಲನಟ, ಹಾಸ್ಯನಟ, ಕಂಪನಿಯ ಯಜಮಾನ, ಚಿತ್ರಮಂದಿರಗಳ ಮಾಲಿಕ, ಮೂಕಿಚಿತ್ರದ ನಟ, ವಾಕ್ಚಿತ್ರಗಳ ನಿರ್ಮಾಪಕ: ಒಂದು ಬಾಳಿನಲ್ಲಿ ಇಷ್ಟು ವೇಷಗಳು. ‘ನಾಟಕರತ್ನ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು.

ನಟರಾಗಿ ಅವರಿಗೆ ಕೀರ್ತಿ ತಂದದ್ದು ರಾಜನ ಪಾತ್ರವಲ್ಲ, ದೇವರ ಪಾತ್ರವಲ್ಲ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ. ಕಂಪನಿಯ ಯಜಮಾನನಾದವನು ತನಗೆ ಬೇಕಾದ ಕಿರೀಟವನ್ನು ತಾನೇ ಇಟ್ಟುಕೊಳ್ಳಬಹುದಾಗಿತ್ತು. ವೀರಣ್ಣನವರು ಕಿರೀಟವನ್ನು ಇತರರಿಗೆ ಬಿಟ್ಟು, ಕಳ್ಳನ ಕಂಬಳಿಯನ್ನು ತಮಗೆ ಉಳಿಸಿಕೊಂಡರು. ಸದಾರಮೆಯನ್ನು ಹೊತ್ತುಕೊಂಡು ಹೋಗುವ ಕಳ್ಳ ಕೊನೆಗೆ ಅವಳ ಜಾಣ್ಮೆಗೆ ಸೋಲುತ್ತಾನೆ. ಗೆದ್ದವಳಿಗೆ ಜನ ಚಪ್ಪಾಳೆ ತಟ್ಟಿದರು. ಸೋತವನನ್ನು ಮನೆಗೆ ಹೋದ ಮೇಲೂ ನೆನೆದು ನಕ್ಕರು.

ಈ ನಗೆಯೇ ಕಂಪನಿಯ ಉಗ್ರಾಣವಾಗಿತ್ತು. ನಾಟಕ ಕಂಪನಿಯೆಂದರೆ ನಟರಷ್ಟೇ ಅಲ್ಲ. ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ದೀಪ ನೋಡಿಕೊಳ್ಳುವವರು, ಅಡಿಗೆಯವರು, ವಾದ್ಯದವರು, ಅವರ ಹೆಂಡಿರು ಮಕ್ಕಳು, ಎಲ್ಲರೂ ಸೇರಿ ಚಲಿಸುವ ಒಂದು ಊರು ಅದು. ಮಳೆ ಬಂದು ಮೂರು ದಿನ ಆಟ ನಿಂತರೂ ಮೂರು ದಿನ ಒಲೆ ಹೊತ್ತಲೇಬೇಕು. ಊರಿಂದೂರಿಗೆ ಹೋಗುವಾಗ ಪರದೆಗಳ ಸುರುಳಿಗಳು, ಪೆಟ್ಟಿಗೆಗಳು, ಹಲಗೆಗಳು, ತಗಡುಗಳು ಎಲ್ಲವನ್ನೂ ಕಟ್ಟಿ ಸಾಗಿಸಬೇಕು. ಬೆಂಗಳೂರಿನಿಂದ ಮೈಸೂರಿಗೆ 1881-82ರಲ್ಲಿ ರೈಲು ಬಂದಿತು. ಅದರ ಹಾದಿಯಲ್ಲಿದ್ದ ಮದ್ದೂರು, ಮಂಡ್ಯಗಳಂಥ ಊರುಗಳು ಕಂಪನಿಗಳಿಗೆ ಅನುಕೂಲವಾದ ಬಿಡಾರಗಳು. ರೈಲಿಲ್ಲದ ಮಳವಳ್ಳಿಯಂಥ ಊರಿಗೆ ಅಷ್ಟೂ ಸಾಮಾನನ್ನು ಎತ್ತಿನ ಗಾಡಿಗೋ ಲಾರಿಗೋ ಹೇರಬೇಕು. ಕೈಲಾಸವನ್ನೂ ವೈಕುಂಠವನ್ನೂ ಗಾಡಿಗೆ ಹೇರುವುದು ಎಷ್ಟು ಕಷ್ಟವೆಂಬುದು ಪ್ರೇಕ್ಷಕನಿಗೆ ತಿಳಿಯಕೂಡದು; ಅದೇ ಆ ವೃತ್ತಿಯ ಮರ್ಯಾದೆ.

*

ಬೆರಗನ್ನು ಹುಟ್ಟಿಸುವ ವಿದ್ಯೆ ವೀರಣ್ಣನವರಿಂದ ಮೊದಲಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಪಾರ್ಸಿ ಕಂಪನಿಗಳು ದಕ್ಷಿಣಕ್ಕೆ ಬಂದು, ಬಣ್ಣದ ಪರದೆಗಳನ್ನೂ ದೃಶ್ಯ ಬದಲಿಸುವ ಉಪಾಯಗಳನ್ನೂ ತೋರಿಸಿ ಇಲ್ಲಿನವರ ಕಣ್ಣು ತೆರೆಸಿದವು. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ನಾಟಕ ಸಭೆಯೂ ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿಯೂ ವೀರಣ್ಣನವರಿಗಿಂತ ಮೊದಲೇ ಹೆಸರು ಮಾಡಿದ್ದವು.

ಆ ಉಪಾಯಗಳಲ್ಲಿ ಹೆಚ್ಚಿನವು ಅತಿ ಸರಳವಾದವು. ತೆಳುವಾದ ತಗಡಿನ ಹಾಳೆಯನ್ನು ತೂಗುಹಾಕಿ ಅಲುಗಿಸಿದರೆ ಗುಡುಗು. ಉರಿಯುವ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚಿದರೆ ಭುಗ್ಗೆಂದು ಏಳುವ ಜ್ವಾಲೆ. ಅದರ ಹೊಗೆ ಚದುರುವಷ್ಟರಲ್ಲಿ ರಾಕ್ಷಸ ನಿಂತಿರುತ್ತಾನೆ. ಹಲಗೆಯ ಕೆಳಗೊಂದು ಕಳ್ಳಬಾಗಿಲಿದ್ದರೆ ಸೀತೆ ಭೂಮಿಯೊಳಕ್ಕೆ ಇಳಿಯಬಲ್ಲಳು. ಜಗತ್ತಿನ ರಂಗಭೂಮಿಗಳೆಲ್ಲ ಬಳಸಿದ ಇನ್ನೊಂದು ಉಪಾಯ ತೆಳು ಬಲೆಬಟ್ಟೆಯ ಪರದೆಯದು. ಅದರ ಮುಂಭಾಗಕ್ಕೆ ಬೆಳಕು ಬಿದ್ದಾಗ ಅದು ಗಟ್ಟಿಯಾದ ಗೋಡೆಯಂತೆ ಕಾಣುತ್ತದೆ. ಮುಂದಿನ ಬೆಳಕನ್ನು ಆರಿಸಿ ಹಿಂದೆ ದೀಪ ಬೆಳಗಿದರೆ ಗೋಡೆ ಕರಗಿ, ಅದರಾಚೆ ನಿಂತ ದೇವರು ಪ್ರತ್ಯಕ್ಷನಾಗುತ್ತಾನೆ. ಇದಕ್ಕೆ ಬೇಕಾದುದು ಬೇಕೆಂದಾಗ ಹತ್ತುವ, ಬೇಡವೆಂದಾಗ ಆರುವ ದೀಪ. ಎಣ್ಣೆಯ ದೀಪ, ಗ್ಯಾಸಿನ ದೀಪಗಳಿಂದ ಈ ಕೆಲಸ ಸಲೀಸಾಗಿ ಆಗದು. ವಿದ್ಯುತ್ತು ಬಂದ ಮೇಲೆ ದೇವರು ಪ್ರತ್ಯಕ್ಷನಾಗುವುದು ಸುಲಭವಾಯಿತು.

ಆ ವಿದ್ಯುತ್ತು ಹುಟ್ಟಿದ್ದಾದರೂ ಎಲ್ಲಿ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ. ಕಾವೇರಿಯ ಧುಮುಕಿನಿಂದ 1902ರಲ್ಲಿ ಹುಟ್ಟಿದ ಶಕ್ತಿ ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ರಾಜಧಾನಿಯ ರಂಗಮಂದಿರಗಳಲ್ಲಿ ಮುಂದೆ ಬೆಳಗಿದ ಕೈಲಾಸಗಳಿಗೆಲ್ಲ ಮಳವಳ್ಳಿಯ ನೀರೇ ಎಣ್ಣೆಯಾಯಿತೆಂದರೆ ತಪ್ಪಾಗದು.

ಅದೇ 1902ರಲ್ಲಿ, ಪ್ಯಾರಿಸ್ ನಗರದಲ್ಲಿ ಜಾರ್ಜ್ ಮೇಲಿಯೇ ಎಂಬ ಇಂದ್ರಜಾಲಗಾರ ಚಂದ್ರಲೋಕಕ್ಕೆ ಮನುಷ್ಯರು ಹೋಗುವ ಚಲನಚಿತ್ರವನ್ನು ತೆಗೆದ. ಅದಕ್ಕೆ ನಿರ್ಮಾಪಕ ಆತನೇ, ನಿರ್ದೇಶಕ ಆತನೇ, ನಟನೂ ಆತನೇ. ಮಾಯೆಯ ತಂತ್ರಗಳನ್ನು ಕಂಡುಹಿಡಿದವನೂ ಆತನೇ. ಇಂದಿನ ಹಾಲಿವುಡ್ಡಿನ ತಂತ್ರದೃಶ್ಯಗಳಿಗೆಲ್ಲ ಆತ ಮೂಲಪುರುಷನೆಂಬ ಗೌರವವುಂಟು. ಆದರೆ ಆತನ ಚಿತ್ರದ ಕಳ್ಳಪ್ರತಿಗಳನ್ನು ತೋರಿಸಿ ಅಮೆರಿಕದಲ್ಲಿ ಅನ್ಯರು ಹಣ ಮಾಡಿಕೊಂಡರು. ಅಭಿರುಚಿ ಬದಲಾಯಿತು, ಸಾಲ ಬೆಳೆಯಿತು. ಕೊನೆಗೆ ಆ ಮಾಯಾವಿ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರಲ್ಲಿ ಮಕ್ಕಳ ಆಟಿಕೆಗಳ ಅಂಗಡಿಯಲ್ಲಿ ಕುಳಿತು ಕಾಲ ಕಳೆಯಬೇಕಾಯಿತು. ಬೆರಗನ್ನು ಮಾರುವವನ ಅಪಾಯವೇ ಅದು. ಇಂದಿನ ಬೆರಗು ನಾಳೆ ಹಳತಾಗುತ್ತದೆ, ನಾಡಿದ್ದು ನಗೆಪಾಟಲಾಗುತ್ತದೆ.

*

ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ರಂಗಕ್ಕೆ ಬಂದದ್ದು 1930ರ ದಶಕದಲ್ಲಿ. ನಾಟಕವನ್ನು ಬರೆದುಕೊಟ್ಟವರು ಪತ್ರಿಕೋದ್ಯಮಿಗಳೂ ಕಾದಂಬರಿಕಾರರೂ ಆಗಿದ್ದ ಬಿ. ಪುಟ್ಟಸ್ವಾಮಯ್ಯನವರು. ಯುದ್ಧದ ಕಥೆಗೆ ಬಣ್ಣದ ಆನೆ ಸಾಲದೆಂದು ವೀರಣ್ಣನವರಿಗೆ ತೋರಿತು. ಆನೆ, ಕುದುರೆ, ತೇರುಗಳು ನಿಜವಾಗಿಯೇ ರಂಗದ ಮೇಲೆ ಬಂದವು.

ಇದನ್ನು ಓದುವುದು ಸುಲಭ. ಮಾಡುವುದು ಏನೆಂಬುದನ್ನು ಕೊಂಚ ಯೋಚಿಸಬೇಕು. ಬೆಳೆದ ಆನೆಯ ತೂಕ ಸುಮಾರು ಮೂರು ಟನ್ನು. ಕಲಾವಿದರು ಕುಣಿಯಲೆಂದು ಹಾಸಿದ ಹಲಗೆ ಅದನ್ನು ತಡೆಯದು. ಅದಕ್ಕೆಂದೇ ರಂಗವನ್ನು ಗಟ್ಟಿಮಾಡಬೇಕು. ಹತ್ತುವ ದಾರಿ, ಇಳಿಯುವ ದಾರಿ ಬೇರೆ ಬೇಕು. ಮೇಲೆ ದೀಪಗಳ ಝಗಝಗ, ಕೆಳಗೆ ನಗಾರಿಯ ಸದ್ದು, ಎದುರಿಗೆ ಸಾವಿರ ಜನರ ಕೇಕೆ. ಇವುಗಳ ನಡುವೆ ಆ ಪ್ರಾಣಿ ಬೆದರದೆ ನಿಲ್ಲಬೇಕು. ನಟ ಮಾತು ಮರೆತರೆ ಮೇಷ್ಟರು ಹೇಳಿಕೊಟ್ಟಾರು. ಆನೆ ಮರೆತರೆ ಹೇಳಿಕೊಡುವವರು ಯಾರು? ರಂಗದ ಮೇಲೆ ಅದು ನಿಲ್ಲುವುದು ಕೆಲವೇ ನಿಮಿಷ. ಮೇವು ತಿನ್ನುವುದು ದಿನವಿಡೀ, ಆಟವಿಲ್ಲದ ದಿನವೂ.

ಸಮುದ್ರದಾಚೆ ಇದೇ ಬಗೆಯ ಮನುಷ್ಯನೊಬ್ಬನಿದ್ದ. ಹಾಲಿವುಡ್ಡಿನ ಹಾಸ್ಯನಟ ಬಸ್ಟರ್ ಕೀಟನ್ ವೀರಣ್ಣನವರಿಗಿಂತ ನಾಲ್ಕು ವರ್ಷ ಕಿರಿಯ, 1895ರಲ್ಲಿ ಹುಟ್ಟಿದವನು. ಆತನೂ ಹಸುಗೂಸಿನ ವಯಸ್ಸು ಕಳೆಯುತ್ತಲೇ ತಂದೆತಾಯಿಗಳೊಂದಿಗೆ ಊರೂರು ಸುತ್ತುತ್ತ ರಂಗವನ್ನೇರಿದವನು. ಆತನೂ ನಗಿಸುತ್ತಲೇ ನಿರ್ಮಾಪಕನಾದ. ಆತನಿಗೂ ಸೋಗಿನ ವಸ್ತು ಸಾಲದು, ನಿಜವಾದುದೇ ಬೇಕು. 1926ರಲ್ಲಿ ‘ದಿ ಜನರಲ್’ ಎಂಬ ಚಿತ್ರಕ್ಕಾಗಿ ಉರಿಯುವ ಸೇತುವೆಯ ಮೇಲಿಂದ ನಿಜವಾದ ರೈಲು ಎಂಜಿನ್ನೊಂದನ್ನು ನದಿಗೆ ಬೀಳಿಸಿದ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯೊಂದರ ಮುಂಗೋಡೆ ಇಡಿಯಾಗಿ ಅವನ ಮೇಲೆ ಕಳಚಿ ಬೀಳುತ್ತದೆ; ಕಿಟಕಿಯ ಕಂಡಿ ಸರಿಯಾಗಿ ಅವನ ತಲೆಯ ಮೇಲೆ ಹಾದುಹೋದುದರಿಂದ ಅವನು ನಿಂತಲ್ಲೇ ನಿಂತಿರುತ್ತಾನೆ. ಒಂದು ಗೇಣು ಆಚೀಚೆಯಾಗಿದ್ದರೆ ನಗೆಯ ಚಿತ್ರ ಶೋಕದ ವಾರ್ತೆಯಾಗುತ್ತಿತ್ತು.

ಇಂದು ಜಗತ್ತು ಹೊಗಳುವ ‘ದಿ ಜನರಲ್’ ಚಿತ್ರಕ್ಕೆ ಅಂದು ಹಣ ಹುಟ್ಟಲಿಲ್ಲ. 1928ರಲ್ಲಿ ಕೀಟನ್ ಸ್ವಂತ ಕಾರ್ಖಾನೆಯನ್ನು ಬಿಟ್ಟು ದೊಡ್ಡ ಕಂಪನಿಯೊಂದರ ಸಂಬಳದಾಳಾದ. ಅದು ತನ್ನ ಬಾಳಿನ ಬಲು ದೊಡ್ಡ ತಪ್ಪೆಂದು ಮುಂದೆ ತಾನೇ ಹೇಳಿಕೊಂಡ. ಚಿತ್ರಗಳ ಮೇಲಿನ ಹಿಡಿತ ತಪ್ಪಿತು. ಬಾಳಿನ ಮೇಲಿನ ಹಿಡಿತವೂ ಕೆಲಕಾಲ ತಪ್ಪಿತು. ಮೇಲಿಯೇ ಮಾಯೆಯನ್ನು ಬಲ್ಲವನು, ಕೀಟನ್ ಮಾಯೆಯ ಜೊತೆಗೆ ನಗೆಯನ್ನೂ ಬಲ್ಲವನು. ಇಬ್ಬರಿಗೂ ಕಷ್ಟಕಾಲದಲ್ಲಿ ಒರಗಲು ಸ್ವಂತದ ಗೋಡೆಯಿರಲಿಲ್ಲ.

*

ವೀರಣ್ಣನವರೂ ಸೋಲು ಕಾಣದವರಲ್ಲ. ಸಿನಿಮಾ ಬರುತ್ತಿದೆಯೆಂಬುದನ್ನು ಅವರು ಬಲುಬೇಗ ಕಂಡುಕೊಂಡರು. ಶತ್ರು ಬರುವ ದಾರಿಯಲ್ಲಿ ಮನೆಕಟ್ಟಿಕೊಂಡವರಂತೆ, ನಾಟಕದವರಾಗಿದ್ದೂ ಚಿತ್ರ ತೆಗೆಯಲು ಹೊರಟರು. 1930ರ ಸುಮಾರಿಗೆ ಬೆಂಗಳೂರಿನಲ್ಲಿ ಚಿತ್ರಸಂಸ್ಥೆಯೊಂದು ಅವರ ಉತ್ಸಾಹದಿಂದ ತಲೆಯೆತ್ತಿತು. ಬೆಲ್ಜಿಯಂ ದೇಶದ ರಾಫೇಲ್ ಆಲ್ಗೊಯೆ ಎಂಬಾತ ಅಲ್ಲಿ ಚಿತ್ರಗಳನ್ನು ತೆಗೆದ. ಆದರೆ ಕಾಲ ಅನುಕೂಲವಾಗಿರಲಿಲ್ಲ. 1931ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ಮಾತನಾಡಿತು. ಮಾತು ಬಂದ ಮೇಲೆ ಮೂಕರಿಗೆ ಟಿಕೆಟ್ಟು ಕೊಳ್ಳುವವರು ಯಾರು? ಹೊಸದಾಗಿ ತೆರೆದ ಅಂಗಡಿಯ ಸರಕು ಒಂದೆರಡು ವರ್ಷಗಳಲ್ಲೇ ಹಳಸಿತು.

ಇಲ್ಲಿಯೇ ವೀರಣ್ಣನವರ ಬಾಳು ಮೇಲಿಯೇಯದರಿಂದ ಬೇರೆಯಾಗುವುದು. ಅವರಿಗೆ ಹಿಂದಿರುಗಲು ಮನೆಯಿತ್ತು. ಸಿನಿಮಾದಲ್ಲಿ ಕೈಸುಟ್ಟುಕೊಂಡರೂ ನಾಟಕದ ಪರದೆ ಸಂಜೆಗೆ ಏಳುತ್ತಲೇ ಇತ್ತು. ಕಳ್ಳನ ಪಾತ್ರಕ್ಕೆ ಜನ ನಗುತ್ತಲೇ ಇದ್ದರು. ಆ ನಗೆಯ ಹಣದಿಂದ ಮತ್ತೆ ಎದ್ದುನಿಂತರು. ಕುರುಕ್ಷೇತ್ರದ ಆನೆಯೂ ಆ ಸೋಲಿನ ತರುವಾಯವೇ ಬಂದಿತು. 1935ರಲ್ಲಿ ‘ಸದಾರಮೆ’ಯೇ ವಾಕ್ಚಿತ್ರವಾಯಿತು; ರಂಗದ ಕಳ್ಳ ಬೆಳ್ಳಿತೆರೆಯನ್ನೂ ಹೊಕ್ಕ. 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, ತರುವಾಯ ‘ಹೇಮರೆಡ್ಡಿ ಮಲ್ಲಮ್ಮ’, 1953ರಲ್ಲಿ ‘ಗುಣಸಾಗರಿ’ ಬಂದವು.

ಅಷ್ಟು ಹೊತ್ತಿಗೆ ನಾಡಿನ ಸುಸಂಸ್ಕೃತರಲ್ಲಿ ಒಂದು ಆಕ್ಷೇಪ ಬೆಳೆದಿತ್ತು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಟಿ. ಪಿ. ಕೈಲಾಸಂ ಮೊದಲಾದವರಿಂದ ಬೆಳೆದ ವಿಲಾಸಿ ರಂಗಭೂಮಿಗೆ ಕಂಪನಿ ನಾಟಕದ ಈ ಝಗಝಗ ಹಿಡಿಸಲಿಲ್ಲ. ನಡುಮನೆಯ ಮಾತುಕತೆಯಲ್ಲೇ ನಾಟಕವಿರುವಾಗ ಆನೆಯೇತಕ್ಕೆ, ರಾಳವೇತಕ್ಕೆ? ಮಾತು ಸೊರಗಿದ ಕಡೆ ಪರದೆ ಕೊಬ್ಬುತ್ತದೆಯಲ್ಲವೇ? ಜನರು ದುರ್ಯೋಧನನ ದುಃಖವನ್ನು ನೋಡಲು ಬಂದರೋ ಆನೆಯನ್ನು ನೋಡಲು ಬಂದರೋ?

ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಬೆರಗಿಗೆ ಒಂದು ದುರ್ಗುಣವುಂಟು: ಇಂದು ಒಂದು ಆನೆ ತಂದರೆ ನಾಳೆ ಎರಡು ತರಬೇಕಾಗುತ್ತದೆ. ಪೈಪೋಟಿಯಲ್ಲಿ ಸಿನಿಮಾದ ಕ್ಯಾಮರಾ ಗೆಲ್ಲುವುದು ನಿಶ್ಚಯ. ಅದಕ್ಕೆ ಆನೆಗೆ ಒಂದೇ ದಿನದ ಮೇವು ಸಾಕು, ಆ ದಿನದ ಚಿತ್ರವನ್ನು ಸಾವಿರ ಊರುಗಳಲ್ಲಿ ತೋರಿಸಬಹುದು. ನಾಟಕದ ಆನೆ ಊರೂರಿಗೂ ನಡೆಯಬೇಕು. ಕಡೆಗೆ ಆದುದೂ ಅದೇ. ವೃತ್ತಿ ಕಂಪನಿಗಳು ಒಂದೊಂದಾಗಿ ಬಡವಾದವು. ಅವುಗಳ ಪ್ರೇಕ್ಷಕರು ಟೆಂಟು ಸಿನಿಮಾಗಳ ಮರಳಿನ ಮೇಲೆ ಹೋಗಿ ಕುಳಿತರು.

ಆದರೆ ಲೆಕ್ಕವನ್ನು ಅಷ್ಟಕ್ಕೇ ಮುಗಿಸುವಂತಿಲ್ಲ. ವೀರಣ್ಣನವರು ಹಣ ಹೂಡಿದ್ದು ಆನೆಯ ಮೇಲೆ ಮಾತ್ರವಲ್ಲ.

*

ಅವರ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೆಂಬ ನಟರಿದ್ದರು. ರೌದ್ರಪಾತ್ರಗಳಲ್ಲಿ ಹೆಸರಾದವರು. ಅವರ ಮಗ ಮುತ್ತುರಾಜನೂ ಕಂಪನಿಯ ಅನ್ನವನ್ನೇ ಉಂಡು, ಕಂಪನಿಯ ಪಾಠವನ್ನೇ ಕಲಿತು ಬೆಳೆದ. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರ ವೀರಣ್ಣನವರ ಸಂಸ್ಥೆಯೂ ಕೂಡಿ ತೆರೆಗೆ ತಂದದ್ದು. ಅದರಲ್ಲಿ ಆ ಮುತ್ತುರಾಜ ರಾಜ್‌ಕುಮಾರ್ ಎಂಬ ಹೊಸ ಹೆಸರಿನಿಂದ ಮೊದಲ ಬಾರಿಗೆ ನಾಯಕನಾದ. ಮುಂದಿನದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅದೇ ಚಿತ್ರದಲ್ಲಿ ನರಸಿಂಹರಾಜು ಅವರು ಹಾಸ್ಯನಟರಾಗಿ ಕಾಣಿಸಿಕೊಂಡರು, ಜಿ. ವಿ. ಅಯ್ಯರ್ ಅವರೂ ಪಾತ್ರವಹಿಸಿದರು. ಬಾಲಕನಾಗಿದ್ದಾಗಲೇ ಗುಬ್ಬಿ ಕಂಪನಿಯನ್ನು ಸೇರಿದ್ದ ಅಯ್ಯರ್ 1975ರಲ್ಲಿ ‘ಹಂಸಗೀತೆ’ಯನ್ನು ತೆಗೆದರು, 1983ರಲ್ಲಿ ಸಂಸ್ಕೃತ ಭಾಷೆಯ ಮೊದಲ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ತೆಗೆದರು.

ಮತ್ತೊಬ್ಬ ಹುಡುಗನ ಕಥೆ ಇನ್ನೂ ಹೃದ್ಯವಾದುದು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆಬಿಟ್ಟು ಓಡಿಬಂದ ಆ ಬಾಲಕ ಗುಬ್ಬಿ ಕಂಪನಿಯನ್ನು ಸೇರಿಕೊಂಡ. ನಾಟಕ ಕಂಪನಿಯ ಯಜಮಾನನಾದವನಿಗೆ ದನಿಯುಳ್ಳ ಹುಡುಗ ಸಿಕ್ಕರೆ ಏನು ಮಾಡಬೇಕು? ದನಿ ಒಡೆಯುವವರೆಗೆ ಹಾಡಿಸಬೇಕು, ಅನಂತರ ಭಟನ ವೇಷ ಕೊಡಬೇಕು; ಅದು ವ್ಯಾಪಾರ. ವೀರಣ್ಣನವರು ಅವನನ್ನು ಎಂ. ಎ. ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಆತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತ. ಆತನೇ ಬಿ. ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಯಾವ ವಿಲಾಸಿಗಳಿಗೆ ಕಂಪನಿ ನಾಟಕ ಹಿಡಿಸಿರಲಿಲ್ಲವೋ ಅವರ ಮಕ್ಕಳು ಮೆಚ್ಚಿಕೊಂಡ ಹೊಸ ರಂಗಭೂಮಿಯ ಆಚಾರ್ಯ ಗುಬ್ಬಿ ಕಂಪನಿಯ ಊಟದ ಪಂಕ್ತಿಯಿಂದ ಎದ್ದುಬಂದವರು. ಕಾರಂತರ ನಾಟಕಗಳಲ್ಲಿ ನಿಜವಾದ ಆನೆ ಬೇಕಾಗಲಿಲ್ಲ. ಬರಿಯ ಹಾಡು, ತಾಳ, ನಟರ ಮೈ ಇವುಗಳಿಂದಲೇ ಕಾಡು ಹುಟ್ಟಿತು, ಹುಲಿ ಹುಟ್ಟಿತು.

ಹೆಂಗಸರ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ವೀರಣ್ಣನವರು ಸ್ತ್ರೀಯರನ್ನು ರಂಗಕ್ಕೆ ಕರೆತಂದು ನಿಲ್ಲಿಸಿದುದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಅವರ ಪತ್ನಿ ಬಿ. ಜಯಮ್ಮನವರು ರಂಗದಲ್ಲಿಯೂ ಚಿತ್ರಗಳಲ್ಲಿಯೂ ಹೆಸರಾಂತ ನಟಿ. ಮೊಮ್ಮಗಳು ಬಿ. ಜಯಶ್ರೀಯವರು ಅಜ್ಜನ ‘ಸದಾರಮೆ’ಯನ್ನು ಹೊಸ ಪೀಳಿಗೆಯ ಮುಂದೆ ಮತ್ತೆ ಆಡಿದರು.

ಗೌರವಗಳು ತಡವಾಗಿಯಾದರೂ ಬಂದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಅದೇ 1972ರ ಅಕ್ಟೋಬರ್ 18ರಂದು ಅವರು ಗತಿಸಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ಕಲೆಯೇ ಕೈಲಾಸವೆಂದು ಹೇಳಿಕೊಳ್ಳಬಹುದಾಗಿತ್ತು. ಬಣ್ಣದ ಕೈಲಾಸಗಳನ್ನು ಬೇಕಾದಷ್ಟು ಕಟ್ಟಿ ಬಿಚ್ಚಿದ್ದವರು ಕಾಯಕವೆಂಬ ಮಾತನ್ನೇ ಆರಿಸಿಕೊಂಡರು. ಕಾಯಕದಲ್ಲಿ ದುಡಿಮೆಯುಂಟು, ಹಂಚಿ ಉಣ್ಣುವುದೂ ಉಂಟು.

ಇಂದು ಆ ಆನೆ ಎಲ್ಲಿ? ಕುದುರೆ, ತೇರು, ಬೆರಗಿನ ಪರದೆಗಳು ಎಲ್ಲಿ? ಒಂದೂ ಉಳಿದಿಲ್ಲ. ಆನೆಯ ಮೇವಿಗೆ ಸುರಿದ ಹಣ ಮೇವಿನ ಜೊತೆಯಲ್ಲೇ ಹೋಯಿತು. ಓಡಿಬಂದ ಹುಡುಗನ ಓದಿಗೆ ಕೊಟ್ಟ ಹಣ ಮಾತ್ರ ಇನ್ನೂ ಬಡ್ಡಿ ತರುತ್ತಿದೆ. ಆದರೆ ಒಂದನ್ನು ಮರೆಯಬಾರದು: ಆ ಹುಡುಗ ಮನೆಬಿಟ್ಟು ಓಡಿಬಂದದ್ದು ಬೆರಗಿನ ಆ ಲೋಕಕ್ಕೇ. ಪರದೆ ಏಳದಿದ್ದರೆ ಅವನು ಬಾಬುಕೋಡಿಯಿಂದ ಹೊರಡುತ್ತಲೇ ಇರಲಿಲ್ಲ.

*

ಮತ್ತೆ ಮಂಡ್ಯದ ಸೀಮೆಯ ಆ ಹಬ್ಬದ ರಾತ್ರಿಗೆ ಬರೋಣ. ಬೆಳಗಿನ ಜಾವ ಮೂರು ಗಂಟೆ. ಚಳಿ ಇಳಿದಿದೆ. ತೊಡೆ ಮುರಿದ ದುರ್ಯೋಧನ ಹಲಗೆಯ ಮೇಲೆ ಒರಗಿ ಕಡೆಯ ಕಂದವನ್ನು ಎತ್ತಿಕೊಂಡಿದ್ದಾನೆ. ದನಿ ಕಟ್ಟಿದೆ, ಮೇಷ್ಟರು ಶ್ರುತಿಯನ್ನು ಅರ್ಧ ಮನೆ ಇಳಿಸಿ ಕೊಡುತ್ತಾರೆ. ಸೀನರಿಯವರ ತಗಡು ಗುಡುಗುತ್ತದೆ, ಕೆಂಪು ದೀಪ ಬೀಳುತ್ತದೆ. ಅಂಗೈಯಗಲದ ಮೊಬೈಲಿನಲ್ಲಿ ಸಾವಿರ ಆನೆಗಳ ಯುದ್ಧವನ್ನು ನೋಡಬಲ್ಲ ಜನ ಅವನ್ನು ನೋಡುವುದಕ್ಕಾಗಿ ಎಚ್ಚರವಾಗಿಲ್ಲ. ತಮ್ಮ ಪಕ್ಕದ ಗದ್ದೆಯವನು, ಹತ್ತು ವರ್ಷದಿಂದ ದಾಯಾದಿಯೊಡನೆ ಬದುವಿನ ವ್ಯಾಜ್ಯ ಹೂಡಿರುವವನು, ದಾಯಾದಿಗಳ ಮತ್ಸರದಿಂದ ಮನೆತನಗಳು ಹಾಳಾದುವೆಂದು ಅಳುತ್ತ ಹಾಡುವುದನ್ನು ನೋಡುತ್ತಿದ್ದಾರೆ.

ಹೆಂಗಸರ ಸಾಲಿನಲ್ಲಿ ಅವನ ಹೆಂಡತಿಯೂ ಇದ್ದಾಳೆ. ಫೀಜಿನ ಪ್ರಶ್ನೆಯನ್ನು ಅವಳು ಹಿಂತೆಗೆದುಕೊಂಡಿಲ್ಲ, ಹಿಂತೆಗೆದುಕೊಳ್ಳಬೇಕಾಗಿಯೂ ಇಲ್ಲ. ಅದು ನ್ಯಾಯವಾದ ಪ್ರಶ್ನೆ. ಕಿರೀಟಕ್ಕೆ ಹಣ ಹಾಕಿದವನು ಮಗಳ ಓದಿಗೂ ಹಾಕಬೇಕೆಂಬುದು ಅವಳ ವಾದವಾದರೆ, ಗುಬ್ಬಿ ವೀರಣ್ಣನವರು ನಿಸ್ಸಂದೇಹವಾಗಿ ಅವಳ ಪಕ್ಷ. ಆನೆಯನ್ನೂ ತಂದು, ಹುಡುಗನನ್ನೂ ಕಾಶಿಗೆ ಕಳುಹಿಸಿದವರು ಅವರು.

ಮೊಮ್ಮಗ ತಾತನ ತೊಡೆಯ ಮೇಲೆ ಮಲಗಿಬಿಟ್ಟಿದ್ದಾನೆ. ಮಂಗಳದ ಹಾಡಿಗೆ ಎಲ್ಲರೂ ಏಳುವಾಗ ತಾತ ಅವನನ್ನು ಅಲುಗಿಸುತ್ತಾನೆ. ಹುಡುಗ ಕಣ್ಣುಜ್ಜಿಕೊಂಡು ರಂಗದ ಕಡೆ ನೋಡುತ್ತಾನೆ. ಕಿರೀಟ ತೆಗೆದು ಪಕ್ಕಕ್ಕಿಟ್ಟ ದುರ್ಯೋಧನ, ಮುಖದ ಬಣ್ಣ ಬೆವರಿನಲ್ಲಿ ಇಳಿಯುತ್ತಿರಲು, ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಾನೆ.

“ನಮ್ ದೊಡ್ಡಪ್ಪಾನಾ ಅದು?” ಎಂದು ಹುಡುಗ ಕೇಳುತ್ತಾನೆ. ರಾತ್ರಿಯೆಲ್ಲ ಅವನಿಗೆ ಅದು ತಿಳಿದೇ ಇರಲಿಲ್ಲ.